ಮಧ್ಯಾಹ್ನದ ಊಟಕ್ಕೆ ಲಂಡನ್ ದಾಟಿ

ಜಾಲಹಳ್ಳಿ

ಲಂಡನ್ನಿಗೆ ಹೋಗಿ ಬಂದವನನ್ನು ಜಾಲಹಳ್ಳಿಯಲ್ಲಿ ಯಾರೂ ರಾಣಿಯ ಅರಮನೆ ಹೇಗಿದೆ ಎಂದು ಕೇಳುವುದಿಲ್ಲ. ಹಾಲಿನ ಬೂತಿನ ಸಾಲಿನಲ್ಲಿ, ಬಸ್ ನಿಲ್ದಾಣದಲ್ಲಿ, ಕ್ಷೌರದ ಅಂಗಡಿಯಲ್ಲಿ ಕತ್ತಿಗೆ ಕತ್ತಿ ಹಿಡಿದಿರುವಾಗಲೂ ಎಲ್ಲರದೂ ಒಂದೇ ಪ್ರಶ್ನೆ: "ಊಟಕ್ಕೇನ್ ಮಾಡಿದ್ರಿ?" ಮೊದಮೊದಲು ನಗುನಗುತ್ತಾ, "ಅಲ್ಲೂ ನಮ್ಮ ಹೋಟೆಲುಗಳಿವೆ ಕಣ್ರೀ, ಒಂದಕ್ಕಿಂತ ಒಂದು ಭರ್ಜರಿ" ಎನ್ನುತ್ತಿದ್ದೆ. ಈಗ ಆ ಪ್ರಶ್ನೆ ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ಒಬ್ಬೊಬ್ಬರಿಗೂ ಹೇಳುತ್ತಾ ಹೋದರೆ ರಕ್ತದೊತ್ತಡ ಏರುತ್ತದೆಂದು ಡಾಕ್ಟರು ಹೆದರಿಸಿದ್ದಾರೆ. ಆದ್ದರಿಂದ ಒಂದೇ ಸಲಕ್ಕೆ ಬರೆದು ಕೈತೊಳೆದುಕೊಳ್ಳುತ್ತಿದ್ದೇನೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವನು. ಬೇರೆಯವರು ಮಾಡಿದ್ದನ್ನು ಅನುಮಾನದಿಂದ ನೋಡುವುದೇ ನನ್ನ ಉದ್ಯೋಗ. ಉದ್ಯೋಗ ಅಲ್ಲಿಗೇ ನಿಲ್ಲುವುದಿಲ್ಲ. ಮನೆ ಬಿಟ್ಟು ಬೀದಿಯ ಕೊನೆಯವರೆಗೆ ಹೋಗಿ, ಗ್ಯಾಸ್ ಆರಿಸಿದೆವೋ ಇಲ್ಲವೋ ಎಂದು ವಾಪಸು ಬರುವವನು ನಾನು. ಗ್ಯಾಸ್ ಯಾವತ್ತೂ ಆರಿಯೇ ಇರುತ್ತದೆ. "ನಿಮ್ಮ ಜೊತೆ ಸಿನಿಮಾಕ್ಕೆ ಹೊರಟರೆ ಟೈಟಲ್ ಕಾರ್ಡ್ ನೋಡೋ ಯೋಗ ಇಲ್ಲ" ಎಂದು ನನ್ನ ಹೆಂಡತಿ ಸುಶೀಲ ಗೊಣಗುತ್ತಾಳೆ. ಆ ಚಟ ನೆನಪಿರಲಿ. ಮುಂದೆ ಕೆಲಸಕ್ಕೆ ಬರುತ್ತದೆ.

ನಮ್ಮ ಮೆಷಿನ್ ಶಾಪಿನಲ್ಲಿ ಲಂಡನ್ನಿನಿಂದ ಬಂದ ಒಂದು ಗ್ರೈಂಡಿಂಗ್ ಮೆಷಿನ್ನಿದೆ, ಲೋಹದ ಭಾಗಗಳನ್ನು ಅಳತೆಗೆ ಸರಿಯಾಗಿ ಉಜ್ಜುವಂಥದ್ದು. ಹುಡುಗರು ಅದಕ್ಕಿಟ್ಟ ಹೆಸರು 'ಅಳಿಯ'. ಬೆಳಿಗ್ಗೆ ಠೀವಿಯಿಂದ ಕೆಲಸ ಮಾಡುತ್ತದೆ. ಊಟದ ಹೊತ್ತಿಗೆ ಮೈ ಬಿಸಿಯಾಯಿತೆಂದರೆ ಮುಗಿಯಿತು, ಅಳತೆ ಜಾರುತ್ತದೆ, ಮಧ್ಯಾಹ್ನ ಮಾಡಿದ ಮಾಲೆಲ್ಲ ಗುಜರಿಗೆ. ಅದನ್ನು ನಡೆಸುತ್ತಿದ್ದವನು ರಾಜಗೋಪಾಲನಗರದ ಮುನಿರಾಜ. ಮಾಲು ಕೆಟ್ಟಿದ್ದಕ್ಕೆ ಮೆಮೊ ಬಂದದ್ದು ಅಳಿಯನಿಗಲ್ಲ, ಮುನಿರಾಜನಿಗೆ. 'ಊಟವಾದ ಮೇಲೆ ತೂಕಡಿಕೆ, ಅಜಾಗರೂಕತೆ.' ಮೆಷಿನ್ನೇ ಬಿಸಿಯಾಗುತ್ತಿದೆ ಎಂದು ನಾನು ಮ್ಯಾನೇಜರ್ ಸಾಹೇಬರಿಗೆ ಹೇಳಿದ್ದೆ. ಅವರು ಕನ್ನಡಕದ ಮೇಲಿಂದ ನೋಡಿ, "ರೀ, ಅದನ್ನ ಒಪ್ಪಿಕೊಳ್ಳೋಕೆ ಲಂಡನ್ನಿಗೆ ಹೋದವನು ನಾನು. ಬೆಳಿಗ್ಗೆಯಿಂದ ಓಡಿಸಿ, ಊಟ ಆದಮೇಲೆ ನಾನೇ ನಿಂತು ಅಳತೆ ನೋಡಿದ್ದೀನಿ. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ" ಎಂದಿದ್ದರು. ಅಲ್ಲಿಗೆ ಮಾತು ಮುಗಿದಿತ್ತು.

ಈಗ ಅದೇ ಕಂಪನಿಯಿಂದ ಇನ್ನೊಂದು ಮೆಷಿನ್ನು. ಅಲ್ಲಿ ಓಡಿಸಿ ನೋಡಿ ರುಜು ಹಾಕಿದರೆ ಮಾತ್ರ ಹಡಗಿಗೆ. ಸಾಹೇಬರ ಮನೆಯಲ್ಲಿ ಮಗಳ ಮದುವೆ. ಹಾಗಾಗಿ ನನ್ನನ್ನೂ ಮೆಷಿನ್ ಶಾಪಿನ ಫೋರ್‌ಮನ್ ಗಂಗಪ್ಪನನ್ನೂ ಕಳಿಸಿದರು. ಗಂಗಪ್ಪ ಪೀಣ್ಯ ಊರಿನವನೇ. ನಮ್ಮ ಕಾರ್ಖಾನೆಯ ಶೆಡ್ಡು ಎದ್ದಿರುವುದು ಅವನಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ.

ಹೊರಡುವ ಮುಂಚೆ ಸಾಹೇಬರು ಕಾಫಿ ತರಿಸಿ ಬುದ್ಧಿ ಹೇಳಿದರು. ಮೆಷಿನ್ನಿನ ಬಗ್ಗೆ ಅಲ್ಲ. "ಊಟದ ಯೋಚನೆ ಬಿಟ್ಬಿಡಿ. ಅಲ್ಲಿ ಬ್ಯಾರೆಟ್ ಅಂತ ಒಬ್ಬ ಇದ್ದಾನೆ, ದೇವರಂಥ ಮನುಷ್ಯ. ಮಧ್ಯಾಹ್ನ ಆಯ್ತು ಅಂದ್ರೆ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಾನೆ. ಎಂಥಾ ಇಂಡಿಯನ್ ಹೋಟೆಲುಗಳು ಅಂತೀರಿ! ನಮ್ಮ ಗಾಂಧಿನಗರದಲ್ಲಿ ಇಲ್ಲ ಕಣ್ರೀ ಅಂಥವು."

ಗೇಟಿನ ಹತ್ತಿರ ಮುನಿರಾಜ ಕಾದಿದ್ದ. "ಸಾರ್, ಹೊಸ ಮೆಷಿನ್ನಿಗೂ ನನ್ನೇ ಹಾಕ್ತಾರಂತೆ. ಸರಿಯಾಗಿ ನೋಡ್ಕೊಂಡು ತನ್ನಿ ಸಾರ್. ಇದೂ ಅಳಿಯನ ತಮ್ಮನೇ ಆಗ್ಬಿಟ್ರೆ, ಇನ್ನೊಂದು ಮೆಮೊ ಬಂದ್ರೆ, ನನ್ನನ್ನ ಮನೆಗೇ ಕಳಿಸ್ತಾರೆ."

"ಏನೂ ಆಗಲ್ಲ ಹೋಗೋ" ಎಂದೆ. ವಿಮಾನದಲ್ಲಿ ಆ ಮಾತನ್ನೇ ಮೆಲುಕು ಹಾಕುತ್ತಾ ನಿದ್ದೆಗೆಟ್ಟೆ.

ಕೆಂಪು ಗೋಡೆಯ ಹೋಟೆಲು

ಲಂಡನ್ ಎಂದರೆ ಏನೇನೋ ಅಂದುಕೊಂಡಿದ್ದೆ. ನಾವು ಇಳಿದದ್ದು ಅದರ ಪಡುವಣ ಅಂಚಿನ ಇನ್ನೊಂದು ಪೀಣ್ಯದಲ್ಲಿ. ಅವೇ ಶೆಡ್ಡುಗಳು, ಅದೇ ಎಣ್ಣೆ ವಾಸನೆ, ಅವೇ ಲಾರಿಗಳು. ವ್ಯತ್ಯಾಸವೆಂದರೆ ಇಲ್ಲಿ ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ. ಉಳಿದುಕೊಂಡ ಮನೆಯ ಒಡತಿ ಬೆಳಿಗ್ಗೆ ಸಿಹಿ ಟೊಮೆಟೊ ಗೊಜ್ಜಿನಲ್ಲಿ ಮುಳುಗಿದ ಅಲಸಂದೆಯಂಥ ಕಾಳನ್ನು ಬ್ರೆಡ್ಡಿನ ಮೇಲೆ ಸುರಿದು ಕೊಡುತ್ತಿದ್ದಳು. ಕಾಳಿಗೆ ಸಕ್ಕರೆ ಹಾಕುವ ಜನ ನಮ್ಮನ್ನು ಹೇಗೆ ಇಷ್ಟು ಕಾಲ ಆಳಿದರೋ! ನಾನು ಒಂದು ಚಮಚ ತಿಂದು "ಸಾಕು" ಎಂದೆ. ನಮ್ಮಲ್ಲಾದರೆ "ಸಾಕು" ಅಂದಮೇಲೇ ಬಡಿಸುವುದು ಶುರು. ಅವಳು "ಆಗಲಿ" ಎಂದು ತಟ್ಟೆ ಎತ್ತಿಕೊಂಡು ಹೋದಳು. ಬೇರೇನಾದರೂ ಬೇಕೇ ಎನ್ನಬೇಡವೇ? ಈ ಊರಿನಲ್ಲಿ ಒಂದು ಸಲ ಬೇಡ ಎಂದರೆ ಬೇಡವೇ ಎಂದು ಗೊತ್ತಾಗುವ ಹೊತ್ತಿಗೆ ಹೊಟ್ಟೆ ತಾಳ ಹಾಕುತ್ತಿತ್ತು.

ಬೆಳಿಗ್ಗೆಯೇ ಮೆಷಿನ್ ಓಡಿಸಿದರು. ತಣ್ಣಗಿರುವಾಗ ಒಂದಷ್ಟು ಮಾಲು, ಬಿಸಿಯಾದ ಮೇಲೆ ಒಂದಷ್ಟು ಮಾಲು. ಎರಡರ ಅಳತೆಯೂ ಒಂದೇ ಇರಬೇಕು. ಪರೀಕ್ಷೆಯೆಂದರೆ ಇಷ್ಟೇ. ಅದು ಇನ್ನೇನು ಚೆನ್ನಾಗಿ ಕಾದಿದೆ ಎನ್ನುವಾಗ ಬ್ಯಾರೆಟ್ ಪ್ರತ್ಯಕ್ಷನಾದ. ಕೆಂಪು ಮುಖ, ಅಗಲವಾದ ನಗು. ಊಟಕ್ಕೆ ಹೇಳಿಬಿಟ್ಟಿದ್ದೇನೆ ಎಂದ. ಸಂಕೋಚದಿಂದ ಬೇಡ ಎಂದೆ. ಉಹುಂ. ಅದು ಹೇಗಾಗುತ್ತದೆ ಎಂದ. ಇನ್ನೊಮ್ಮೆ ಬೇಡ ಎಂದೆ. ಅಷ್ಟು ದೂರದಿಂದ ಬಂದವರು, ನನಗೆ ಬೇಜಾರಾಗುತ್ತದೆ ಎಂದ. ಮೂರನೆಯ ಸಲ ನನ್ನ ತೋಳನ್ನೇ ಹಿಡಿದ. ಸುಳ್ಳೇಕೆ, ನನ್ನ ಕಣ್ಣು ತೇವವಾಯಿತು. ಉಪಚಾರ ಗೊತ್ತಿರುವ ಒಬ್ಬನಾದರೂ ಈ ಊರಿನಲ್ಲಿದ್ದಾನಲ್ಲ! ಮದುವೆ ಮನೆಯಲ್ಲಿ ಹೆಣ್ಣಿನ ತಂದೆ ಕೂಡ ಹಾಗೆ ಬಲವಂತ ಮಾಡಲಾರ.

ಕಾರು ಹೊರಟಿತು, ಹೋಯಿತು, ಹೋಗುತ್ತಲೇ ಇತ್ತು. ಊಟಕ್ಕೆ ಜಾಲಹಳ್ಳಿಯಿಂದ ಸರ್ಜಾಪುರಕ್ಕೆ ಹೋದ ಹಾಗೆ. ಕೊನೆಗೆ ಒಂದು ಹೋಟೆಲು. ಗೋಡೆಗೆ ಕೆಂಪು ಮಖಮಲ್ಲು, ಅದರ ಮೇಲೆ ಆನೆ, ಹುಲಿ, ಯಾವನೋ ಮಹಾರಾಜ. ಬೆಳಕು ಎಷ್ಟು ಕಡಿಮೆಯೆಂದರೆ ಬಾಯಿಗೆ ಹೋಗುತ್ತಿರುವುದು ಏನೆಂದು ತಪಾಸಣೆ ಮಾಡುವ ಹಾಗಿಲ್ಲ. ಬಹುಶಃ ಅದಕ್ಕೇ ಅಷ್ಟು ಕಡಿಮೆ. 'ಮದರಾಸ್' ಎಂಬ ಒಂದು ಪದಾರ್ಥವಿತ್ತು. ಮದರಾಸಿನಲ್ಲಿ ಯಾರೂ ಅದನ್ನು ಕಂಡಿರಲಾರರು. ಬಡಿಸುವವನು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವನು. "ನೀವೂ ಇದನ್ನೇ ತಿಂತೀರಾ?" ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. "ನಾವು ಹಿಂದೆ ಅನ್ನ, ಮೀನು ಮಾಡ್ಕೋತೀವಿ. ಇದು ಗಿರಾಕಿಗಳಿಗೆ" ಎಂದು ಪ್ರಾಮಾಣಿಕವಾಗಿ ಹೇಳಿದ.

ನಾನು ಸಸ್ಯಾಹಾರಿ, ಗಂಗಪ್ಪನಿಗೆ ಹಾಗೇನಿಲ್ಲ. ಅವನ ಕೋಳಿ, ನನ್ನ ತರಕಾರಿ, ಬ್ಯಾರೆಟ್ಟನ ಕುರಿ ಮೂರೂ ಬಂದವು. ಗಂಗಪ್ಪ ಮೂರನ್ನೂ ಮೂಸಿ ನೋಡಿದ.

"ಸಾ, ಇದು ಒಂದೇ ಸಾರು. ಮೂರು ಬಣ್ಣ ಬಳ್ಕಂಡು ಬಂದೈತೆ. ಊರ ನಾಟಕ್ದಾಗೆ ಒಬ್ನೇ ರಾಮ್ನೂ ಆಗಿ ರಾವಣ್ನೂ ಆಗಿ ಬತ್ತಾನಲ್ಲ, ಅಂಗೆ."

"ಸುಮ್ನೆ ತಿನ್ನೋ, ಅವರಿಗೆ ಬೇಜಾರಾಗುತ್ತೆ."

"ಕನ್ನಡ ಅವುರ್ಗೆಲ್ಲಿ ತಿಳೀತದೆ? ನೀವು ಮೊಕ ಸೊಟ್ಟ ಮಾಡ್ದೆ ಇದ್ರೆ ಸಾಕು."

ಬ್ಯಾರೆಟ್ ಇನ್ನಷ್ಟು ಬಡಿಸಿದ. ಮತ್ತಷ್ಟು ಬಡಿಸಿದ. ವಾಪಸು ಬಂದಾಗ ಮೆಷಿನ್ನು ಓಡುತ್ತಲೇ ಇತ್ತು. ಮಾಲು ತೆಗೆದು ಅಳೆದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ತೇಗು ಮಾತ್ರ ಸಂಜೆಯವರೆಗೂ ಬಂತು.

ನದಿಯಾಚೆಯ ಹೋಟೆಲು

ಮರುದಿನ ಇನ್ನೂ ದೂರ. ನದಿ ದಾಟಿಸಿದ. ಆಫ್ರಿಕಾದಿಂದ ಬಂದ ಒಬ್ಬ ಗುಜರಾತಿ ನಡೆಸುತ್ತಿದ್ದ ಸಸ್ಯಾಹಾರಿ ಹೋಟೆಲು. ಮಖಮಲ್ಲಿಲ್ಲ, ಮಹಾರಾಜನಿಲ್ಲ, ಟ್ಯೂಬ್‌ಲೈಟು, ಸ್ಟೀಲ್ ಲೋಟ. ಅಲ್ಲಿ ದೋಸೆ ಇತ್ತು.

ಆ ದೋಸೆ ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳಲು ಈಗಲೂ ಸಿಟ್ಟು ಬರುತ್ತದೆ. ಅಂಚು ಗರಿಗರಿ, ಒಳಗೆ ಆಲೂಗಡ್ಡೆ ಪಲ್ಯ, ಚಟ್ನಿಗೆ ಒಣ ಕೊಬ್ಬರಿಯಾದರೂ ಹಸಿಮೆಣಸಿನಕಾಯಿ ನಿಜವಾದದ್ದು. ಕೆಟ್ಟದಾಗಿದ್ದಿದ್ದರೆ ನಾನು ಬೇಗ ಎದ್ದು ಬರುತ್ತಿದ್ದೆ. ನಾನು ಎರಡನೆಯದನ್ನೂ ತಿಂದೆ. ಬ್ಯಾರೆಟ್ ಕೇಳುವ ಮೊದಲೇ ಮೂರನೆಯದಕ್ಕೆ "ಬೇಡ" ಎಂದೆ, ಅಂದರೆ ಅವನು ಅದನ್ನೂ ತರಿಸಿದ. ಆಮೇಲೆ ಅಭ್ಯಾಸಬಲದಿಂದ, "ಕಾಫಿ ಒನ್ ಬೈ ಟೂ" ಎಂದುಬಿಟ್ಟೆ. ಗುಜರಾತಿ ಕಕ್ಕಾಬಿಕ್ಕಿಯಾಗಿ ಒಂದು ಲೋಟ ಕಾಫಿಯನ್ನೂ ಎರಡು ಚಮಚಗಳನ್ನೂ ತಂದಿಟ್ಟ. ಎಲ್ಲರೂ ನಕ್ಕೆವು. ಎಷ್ಟು ಸಂತೋಷವಾಗಿದ್ದೆವು! ನೆನೆದರೆ ಕೆನ್ನೆಗೆ ಹೊಡೆದುಕೊಳ್ಳುವ ಹಾಗಾಗುತ್ತದೆ.

ಗಂಗಪ್ಪ ಮಾತ್ರ ದೋಸೆಯ ಮುಂದೆಯೂ ಗೊಣಗುತ್ತಿದ್ದ. "ಸಾ, ನಂಗಿದು ಸರಿ ಕಾಣಾಕಿಲ್ಲ. ನಮ್ಮಲ್ಲಿ ಟ್ರಯಲ್ ಓಡೋವಾಗ ಯಾರಾನ ಮೆಷಿನ್ ಬಿಟ್ಟು ಓಯ್ತಾರಾ? ಡಬ್ಬಿ ಅಲ್ಲೇ ಬಿಚ್ಚೋದಲ್ವಾ? ಬಸುರಿ ನೋವು ತಿಂತಾ ಬಿದ್ದಿರೋವಾಗ ಸೂಲಗಿತ್ತಿ ಊಟಕ್ಕೆ ಓಯ್ತಾಳಾ?"

ನಿಜ. ಪೀಣ್ಯದಲ್ಲಿ ದೊಡ್ಡ ಶೆಡ್ಡಾಗಲಿ, ನಾಲ್ಕು ಜನರ ಚಿಕ್ಕ ಶೆಡ್ಡಾಗಲಿ, ಹೊಸ ಮೆಷಿನ್ ಓಡುವ ದಿನ ಎಲ್ಲರ ಊಟ ಅದರ ಪಕ್ಕದಲ್ಲೇ. ಒಂದು ಕೈಯಲ್ಲಿ ತುತ್ತು, ಕಿವಿ ಮೆಷಿನ್ನಿನ ಸದ್ದಿನ ಮೇಲೆ. ನಾನು ಅಳತೆ ನೋಡುವ ಗೇಜಿನ ಬಗ್ಗೆ ಚಿಂತೆ ಮಾಡಿದ್ದೆ, ಪಾಸ್‌ಪೋರ್ಟಿನ ಬಗ್ಗೆ ಚಿಂತೆ ಮಾಡಿದ್ದೆ, ವಿಮಾನದ ರೆಕ್ಕೆಯ ಒಂದು ತಿರುಪು ಸಡಿಲವಾಗಿರುವ ಹಾಗಿದೆಯಲ್ಲ ಎಂದೂ ಚಿಂತೆ ಮಾಡಿದ್ದೆ. ಇದೊಂದರ ಬಗ್ಗೆ ಮಾಡಲಿಲ್ಲ. "ನಾವು ಅತಿಥಿಗಳು ಕಣೋ. ಅವರ ಪದ್ಧತಿ ಅವರದು" ಎಂದೆ.

ಅವತ್ತೂ ಮಧ್ಯಾಹ್ನದ ಅಳತೆ ಚೊಕ್ಕವಾಗಿ ಬಂತು. ನಾಳೆಯ ಹೋಟೆಲು ಇದಕ್ಕೂ ಮೀರಿದ್ದು, ಊಟ ಮುಗಿಸಿ ಬಂದು ರುಜು ಹಾಕಿಬಿಡೋಣ ಎಂದ ಬ್ಯಾರೆಟ್.

ಅರ್ಧ ದಾರಿ

ಮೂರನೆಯ ಹೋಟೆಲನ್ನು ನಾನು ನೋಡಲಿಲ್ಲ.

ಕಾರು ಊರೊಳಗೆ ಸಾಕಷ್ಟು ದೂರ ಬಂದಿತ್ತು. ಇದ್ದಕ್ಕಿದ್ದ ಹಾಗೆ ನನ್ನ ಆ ಹಳೆಯ ಚಟ ಎದ್ದಿತು: ಗೇಜಿನ ಪೆಟ್ಟಿಗೆಗೆ ಬೀಗ ಹಾಕಿದೆನೇ? ಗೇಜು ನಮ್ಮದು, ಸುಶೀಲಳ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಪೀಣ್ಯದಿಂದ ತಂದದ್ದು. ಕೈ ಬೀಗದ ಮೇಲೆ ಇಟ್ಟದ್ದು ನೆನಪಿದೆ. ತಿರುಗಿಸಿದ್ದು ನೆನಪಿಲ್ಲ.

ವಾಪಸು ಹೋಗೋಣ ಎಂದೆ.

ಬ್ಯಾರೆಟ್ ನಕ್ಕು, ಬೇಡ ಎಂದ. ಹೋಟೆಲಿನಿಂದ ಫೋನು ಮಾಡಿದರಾಯಿತು ಎಂದ. ದಯವಿಟ್ಟು ಎಂದೆ. ಬೇಡ ಎಂದ. ಇಷ್ಟು ದಿನ ಬರೀ ಉಪಚಾರ ಮಾಡಿದ ಬಾಯಿಂದ ಮೊದಲ ಸಲ ಬಂದ 'ಬೇಡ' ಅದು. ಅವನ ಪದ್ಧತಿಯಲ್ಲಿ ನಾನು ಅಲ್ಲಿಗೇ ಸುಮ್ಮನಾಗಬೇಕಿತ್ತು. ಆದರೆ ನಮ್ಮ ಕಡೆ 'ಬೇಡ' ಎಂದರೆ ಇನ್ನೊಮ್ಮೆ ಕೇಳಿ ಎಂದು ತಾನೇ ಅರ್ಥ? ಇನ್ನೊಮ್ಮೆ ಕೇಳಿದೆ. ಮತ್ತೊಮ್ಮೆ ಕೇಳಿದೆ. ಕೊನೆಗೆ ನಡೆದಾದರೂ ಹೋಗುತ್ತೇನೆಂದು ಕಾರಿನ ಬಾಗಿಲ ಹಿಡಿಗೆ ಕೈ ಹಾಕಿದೆ. ಹಿಂದಿನ ಸೀಟಿನಿಂದ ಗಂಗಪ್ಪ, "ಸಾ ಒಂದ್ಸಲ ಇಡಿದ್ರೆ ಬಿಡಾಕಿಲ್ಲ ಕಣಯ್ಯಾ, ಅವರ ಹೆಂಡ್ರನ್ನ ಕೇಳು" ಎಂದು ಅಚ್ಚ ಕನ್ನಡದಲ್ಲಿ ಅವನಿಗೆ ತಿಳಿಹೇಳಿದ.

ಕಾರು ತಿರುಗಿತು.

ಶೆಡ್ಡಿನಲ್ಲಿ ಸದ್ದಿರಲಿಲ್ಲ. ನಮ್ಮ ಮೆಷಿನ್ ನಿಂತಿತ್ತು. ಹೊಟ್ಟೆಯ ಮುಚ್ಚಳಗಳೆಲ್ಲ ಬಿಚ್ಚಿದ್ದವು. ಎರಡೂ ಪಕ್ಕ ಆಳೆತ್ತರದ ಫ್ಯಾನುಗಳು ಭರ್ರೆಂದು ಗಾಳಿ ಹಾಕುತ್ತಿದ್ದವು. ಜ್ವರ ಬಂದ ಮಗುವಿನ ಹಣೆಗೆ ಹಾಕುವ ಹಾಗೆ ಒದ್ದೆ ಬಟ್ಟೆಗಳನ್ನು ಸುತ್ತಿದ್ದರು. ಕೆಲಸದವರು ನಮ್ಮನ್ನು ನೋಡಿ, ನೋಡದವರಂತೆ ಮುಖ ತಿರುಗಿಸಿದರು. ನಾವು ದೂರದ ಊಟ ಮುಗಿಸಿ ತೇಗುತ್ತಾ ಬರುವ ಹೊತ್ತಿಗೆ ಅದನ್ನು ತಣ್ಣಗೆ ಮಾಡಿ, ಮುಚ್ಚಿ, ಮತ್ತೆ ಓಡಿಸಿಡುತ್ತಿದ್ದರು. ನಾನು ಕನ್ನಡಕ ಒರೆಸಿಕೊಂಡು 'ಬಿಸಿ ಅಳತೆ' ಎಂದು ಅಳೆಯುತ್ತಿದ್ದದ್ದು ಅದನ್ನೇ.

ಮೆಷಿನ್ನಿಗೂ ಊಟದ ಬಿಡುವು ಬೇಕಲ್ಲವೇ ಎಂದ ಬ್ಯಾರೆಟ್. ಆ ಅಗಲವಾದ ನಗು ಹಾಗೇ ಇತ್ತು.

"ಊಟಕ್ಕೆ ಕರ್ದು ಮನೆಗೆ ಕನ್ನ ಆಕ್ತೀರೇನೋ!" ಗಂಗಪ್ಪನ ಕೂಗಿಗೆ ತಗಡಿನ ಮಾಡು ಗುಂಯ್‌ಗುಟ್ಟಿತು. ಆಮೇಲೆ ನನ್ನ ಕಡೆ ತಿರುಗಿ, ಗಂಟಲು ತಗ್ಗಿಸಿ ಹೇಳಿದ: "ನಮ್ಮ ಅಳಿಯನ್ನೂ ಇಂಗೇ ಮೈದಡವಿ ಕಳ್ಸವ್ರೆ ಸಾ. ಸಾಯೇಬ್ರು ಊಟ ಆದ್ಮೇಕೆ ನಿಂತು ನೋಡಿದ್ರಂತಲ್ಲ, ನೋಡಿದ್ದು ಇದ್ನೇಯ."

ನನ್ನ ಕಣ್ಣ ಮುಂದೆ ಬಂದವನು ಮುನಿರಾಜ. ಗುಜರಿಗೆ ಹೋದ ಮಾಲಿನ ರಾಶಿಯ ಪಕ್ಕ ತಲೆತಗ್ಗಿಸಿ ನಿಂತ ಮುನಿರಾಜ. ತೂಕಡಿಸಿದವನು ಅವನಂತೆ! ಯಾವನೋ ಕೆಂಪು ಗೋಡೆಯ ಕೆಳಗೆ ಹೊಟ್ಟೆ ಬಿರಿಯ ತಿಂದು ಬಂದು ಅಳೆದದ್ದಕ್ಕೆ ಅವನಿಗೆ ಮೆಮೊ. ನಾನು ತಿಂದ ಮೂರು ದೋಸೆಯೂ ಅವನ ತಲೆಯ ಮೇಲೇ ಬೀಳುವುದರಲ್ಲಿತ್ತು.

ಗೇಜಿನ ಪೆಟ್ಟಿಗೆಗೆ ಬೀಗ ಹಾಕಿಯೇ ಇತ್ತು. ಯಾವತ್ತೂ ಹಾಕಿಯೇ ಇರುತ್ತದೆ.

ಪ್ಯಾಕಿಂಗ್ ಪೆಟ್ಟಿಗೆ

ಮರುದಿನ ಬೆಳಿಗ್ಗೆ ಮೆಷಿನ್ ಓಡಿಸಿ, ಒಂದು ಖಾಲಿ ಪ್ಯಾಕಿಂಗ್ ಪೆಟ್ಟಿಗೆಯನ್ನು ಅದರ ಪಕ್ಕ ಬೋರಲು ಹಾಕಿ ಕೂತೆವು. ಊಟದ ಹೊತ್ತಿಗೆ ಬ್ಯಾರೆಟ್ ಬಂದ. ನಿನ್ನೆಯದು ಏನೂ ನಡೆದೇ ಇಲ್ಲವೆಂಬಂತೆ, ಇವತ್ತಿನದು ಇಡೀ ಲಂಡನ್ನಿನಲ್ಲೇ ಶ್ರೇಷ್ಠವಾದ ಇಂಡಿಯನ್ ಹೋಟೆಲು ಎಂದ. ನಾಚಿಕೆ ಎನ್ನುವುದನ್ನು ಈ ಜನ ಹಡಗಿನಲ್ಲಿ ಹೊರದೇಶಕ್ಕೆ ಕಳಿಸಿಬಿಟ್ಟಿರಬೇಕು.

"ಬೇಡ" ಎಂದೆ. ಅವನು ಮತ್ತೆ ಕೇಳಿದ, ತೋಳು ಹಿಡಿಯಲು ಬಂದ. ಗಂಗಪ್ಪ ನಡುವೆ ನಿಂತು ತನ್ನ ಬಟ್ಟೆಯ ಚೀಲದಿಂದ ಡಬ್ಬಿ ತೆಗೆದ. ಹುರಿಹಿಟ್ಟು. ರಾಗಿಯನ್ನು ಅರಳು ಹುರಿದು ಬೀಸಿದ್ದು. ಅವನ ಹೆಂಡತಿ ಕೊಟ್ಟು ಕಳಿಸಿದ್ದು. ಬೆಲ್ಲ ಪುಡಿ ಮಾಡಿ, ಬಾಟಲಿ ಹಾಲು ಸುರಿದು, ಉಂಡೆ ಕಟ್ಟಿದ. ನನ್ನ ಪಾಲಿಗೆ ಸುಶೀಲಳ ಗೊಜ್ಜವಲಕ್ಕಿಯೂ ಇತ್ತು. ನೀರು ಚಿಮುಕಿಸಿದರೆ ಆಯಿತು. ಹುಣಿಸೆ, ಇಂಗಿನ ವಾಸನೆ ಎಣ್ಣೆಯ ವಾಸನೆಯೊಂದಿಗೆ ಸೇರಿ ಥೇಟ್ ಪೀಣ್ಯ.

ಬ್ಯಾರೆಟ್ ಅಲ್ಲೇ ನಿಂತಿದ್ದ. ಗಂಗಪ್ಪ ಒಂದು ಉಂಡೆಯನ್ನು ಕಾಗದದ ಮೇಲಿಟ್ಟು ಅವನಿಗೂ ಚಾಚಿದ.

"ಅವನಿಗ್ಯಾಕೋ?" ಎಂದೆ, ರೇಗಿ.

"ಎದುರ್ಗೆ ನಿಂತವ್ನಿಗೆ ಕೊಡ್ದೆ ತಿನ್ನಾಕಾಯ್ತದಾ ಸಾ? ಕಳ್ಳ ಆದ್ರೂ ಒಟ್ಟೆ ಐತಲ್ಲ."

ಬ್ಯಾರೆಟ್ ಅದನ್ನು ಹಿಡಿದುಕೊಂಡು ನಿಂತ. ತಿನ್ನಲೂ ಇಲ್ಲ, ಕೆಳಗಿಡಲೂ ಇಲ್ಲ. ನಾನಂತೂ ಇನ್ನೊಮ್ಮೆ 'ತಗೊಳ್ಳಿ' ಎನ್ನಲಿಲ್ಲ.

ಮೆಷಿನ್ ಬಿಸಿಯೇರುತ್ತಾ ಹೋಯಿತು. ಮಾಲು ತೆಗೆದು ಅಳೆದೆ. ಗೇಜಿನ ಮುಳ್ಳು ಜಾರಿತು. ಇನ್ನೊಂದು ಅಳೆದೆ. ಇನ್ನೂ ಜಾರಿತು. ಗಂಗಪ್ಪ ಅವನ್ನೆಲ್ಲ ಪೆಟ್ಟಿಗೆಯ ಮೇಲೆ ಸಾಲಾಗಿ ಜೋಡಿಸಿ, ಬ್ಯಾರೆಟ್ಟನ ಮುಖ ನೋಡಿದ. ಸದ್ಯ, ಆ ನಗು ಹೋಗಿತ್ತು.

ನಾನು ರುಜು ಹಾಕಲಿಲ್ಲ. ಅವರು ಮೆಷಿನ್ನಿನ ತಲೆಭಾಗವನ್ನು ಪೂರ್ತಿ ಬದಲಾಯಿಸಿ, ಮತ್ತೆ ಬಿಸಿ ಮಾಡಿ ತೋರಿಸುವ ತನಕ ಹಾಕಲಿಲ್ಲ. ಅಲ್ಲಿಯವರೆಗೆ ದಿನವೂ ಊಟ ಪೆಟ್ಟಿಗೆಯ ಮೇಲೇ. ಹುರಿಹಿಟ್ಟು ಮುಗಿದ ಮೇಲೆ ಬ್ರೆಡ್ಡು, ಚಟ್ನಿಪುಡಿ. ಇಡೀ ಲಂಡನ್ನಿನಲ್ಲಿ ಶ್ರೇಷ್ಠವಾದ ಇಂಡಿಯನ್ ಹೋಟೆಲು ಯಾವುದು ಎಂದು ಕೇಳುವವರಿಗೆ ನಾನು ಕೊಡಬಹುದಾದ ವಿಳಾಸ ಅದೊಂದೇ.

ಪೀಣ್ಯ

ಊರಿಗೆ ಬಂದಾಗ ಸಾಹೇಬರು ಮದುವೆಯ ರಜೆಯಲ್ಲಿದ್ದರು. ಹಡಗಿನಲ್ಲಿ ಹೊಸ ಮೆಷಿನ್ನು ಬಂದು, ಅದನ್ನು ಓಡಿಸಿದ ಮೊದಲ ದಿನ ಕರೆಸಿದರು. ಊಟದ ಸೈರನ್ನಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಕಾಫಿ ತರಿಸಿ, ಕುರ್ಚಿಗೆ ಒರಗಿ, ಮುಖ ಅರಳಿಸಿ ಕೇಳಿದರು: "ಹೆಂಗಿತ್ತು? ನದಿ ಆಚೆ ದೋಸೆ ಹೋಟೆಲ್ಗೆ ಕರ್ಕೊಂಡು ಹೋದ್ನಾ?"

ಜಾಲಹಳ್ಳಿಯಲ್ಲಿ ನನಗೆ ಹೆದರುವ ಜನವಿಲ್ಲ. ನಾನು ಹೆದರದ ಜನವೂ ಇಲ್ಲ. ಈ ಮನುಷ್ಯರ ಮುಂದೆ ಎಷ್ಟೋ ವರ್ಷ ಕುರ್ಚಿಯ ತುದಿಯಲ್ಲಿ ಕೂತಿದ್ದೇನೆ. ಅವತ್ತು ಎದ್ದು ನಿಂತೆ.

"ಹೋದ ಸಾರ್. ನಾವು ದೋಸೆ ತಿಂತಿದ್ದಾಗ ಅಲ್ಲಿ ಮೆಷಿನ್ ನಿಲ್ಲಿಸಿ, ಫ್ಯಾನ್ ಹಾಕಿ, ಒದ್ದೆ ಬಟ್ಟೆ ಸುತ್ತಿದ್ರು. ಮಾರನೇ ದಿನ ಅರ್ಧ ದಾರಿಯಿಂದ ವಾಪಸು ಬಂದು ಕಣ್ಣಾರೆ ನೋಡ್ದೆ. ನೀವು ತಿಂದಾಗ್ಲೂ ಹಿಂಗೇ ಮಾಡಿರ್ತಾರೆ."

ಸಾಹೇಬರು ತೋಳು ಸವರಿಕೊಂಡರು. ಬ್ಯಾರೆಟ್ಟನ ಕೈ ಅಲ್ಲಿದ್ದದ್ದು ಅವರಿಗೂ ನೆನಪಾಗಿರಬೇಕು. ಆಮೇಲೆ ಲೋಟವನ್ನು ನನ್ನ ಕಡೆ ಸರಿಸಿದರು. "ಕಾಫಿ ತಗೊಳ್ಳಿ."

"ಬೇಡ ಸಾರ್."

"ಆರಿಹೋಗುತ್ತೆ ಕಣ್ರೀ, ತಗೊಳ್ಳಿ. ಆಗಿದ್ದಾಯ್ತು."

"ಬೇಡ ಸಾರ್. ಮುನಿರಾಜನ ಮೆಮೊ."

"ಅದೆಲ್ಲ ಆಮೇಲೆ ನೋಡೋಣ. ಮೊದಲು ಕಾಫಿ."

"ಬೇಡ."

ಹುಟ್ಟಿದಾಗಿನಿಂದ ನಾನು ಹೇಳಿದ ಬೇಡಗಳಲ್ಲಿ ಮೂರನೆಯ ಸಲಕ್ಕೂ ಬೇಡವಾಗಿಯೇ ಉಳಿದದ್ದು ಅದೊಂದು. ಸಾಹೇಬರು ಗಂಟೆ ಒತ್ತಿದರು. ಟೈಪಿಸ್ಟ್ ಬಂದಳು. ಮುನಿರಾಜನ ಮೇಲಿನ ಮೆಮೊ ಹಿಂತೆಗೆದುಕೊಂಡಿದೆ, ದೋಷ ಯಂತ್ರದ್ದು ಎಂದು ಅವರು ಹೇಳಿ ಬರೆಸುವವರೆಗೆ, ಅವಳು ಅದನ್ನು ಟೈಪು ಮಾಡಿ ತಂದು ಅವರು ರುಜು ಹಾಕುವವರೆಗೆ ನಾನು ನಿಂತೇ ಇದ್ದೆ. ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಸೈರನ್ ಆಗಿ ಹೋಗಿತ್ತು.

"ಈಗಲಾದ್ರೂ ಕೂತ್ಕೊಳ್ಳಿ ಮಾರಾಯ್ರೇ. ಬಿಸಿಯಾಗಿ ಬೇರೆ ತರಿಸ್ತೀನಿ."

"ಇಲ್ಲ ಸಾರ್" ಎಂದೆ. "ಹೊಸ ಮೆಷಿನ್ ಬೆಳಿಗ್ಗೆಯಿಂದ ಓಡ್ತಾ ಇದೆ. ಗಂಗಪ್ಪ, ಮುನಿರಾಜ ಅದರ ಪಕ್ಕ ಡಬ್ಬಿ ಬಿಚ್ಚದೆ ನನಗೆ ಕಾಯ್ತಾ ಕೂತಿದ್ದಾರೆ."